ಜೊಳ್ಳು ಎಣಿಸುವ ಕೈ

ಇಂದು ಬೆಳಗ್ಗೆ ಮಂಜಿಲ್ಲ, ಮೋಡವಿಲ್ಲ. ಆದರೂ ಸೂರ್ಯ ಕಿಲುಬು ಹಿಡಿದ ತಟ್ಟೆಯಂತೆ ಮಂಕಾಗಿ ಮೂಡುತ್ತಿದ್ದಾನೆ. ಇಟ್ಟಿಗೆ ಗೂಡುಗಳ ಹೊಗೆ ಹೊಲದ ಮೇಲೆ ಮಲಗಿದೆ. ಭತ್ತದ ಸಂಶೋಧನಾ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಜೊಳ್ಳಕ್ಕ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದೊಂದೇ ಕಾಳು ಒತ್ತುತ್ತಾರೆ. ಗಟ್ಟಿ ಬಲಕ್ಕೆ, ಜೊಳ್ಳು ಎಡಕ್ಕೆ. ದಿನಕ್ಕೆ ನಲವತ್ತು ತೆನೆ, ಸುಮಾರು ಆರು ಸಾವಿರ ಕಾಳು. ಹನ್ನೊಂದು ವರ್ಷದಿಂದ ಇದೇ ಜಪ.

“ಇಲ್ಲಿಯವರೇ ಇಟ್ಟ ಹೆಸರು. ಮೊದ್ಲು ಸಿಟ್ಟು ಬರ್ತಿತ್ತು. ಈಗ ನಿಜವಾದ ಹೆಸರು ಹಿಡಿದು ಕರೆದ್ರೆ ನಾನೇ ತಿರುಗಿ ನೋಡಲ್ಲ,” ಎಂದು ಅವರ ಕೆಲಸ ನೋಡಲು ಬಂದ ನನ್ನ ಕಡೆ ತಿರುಗಿ ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಕೇಂದ್ರದಲ್ಲಿ ಒಂದೇ ಹೈಬ್ರಿಡ್ ಭತ್ತವನ್ನು ಎರಡು ಕಡೆ ಬೆಳೆಸುತ್ತಾರೆ: ಶೋಧಿಸಿದ ಗಾಳಿಯಾಡುವ ಗಾಜಿನ ಮನೆಯಲ್ಲಿ, ಮತ್ತು ಹೊಗೆಗೆ ಒಡ್ಡಿದ ಬಯಲಲ್ಲಿ. ಕೆಟ್ಟ ಗಾಳಿಗೆ ಭತ್ತದ ಹೂವು ಕಾಳುಕಟ್ಟದೆ ಹೋಗುತ್ತದೆಯೇ ಎಂದು ತಿಳಿಯಬೇಕು. ದೇವರು ನಮಗೂ ಗಿಡಕ್ಕೂ ಹಂಚಿದ್ದು ಒಂದೇ ಗಾಳಿಯಲ್ಲವೇ. ಹೋದ ಬೆಳೆಯಲ್ಲಿ ಎರಡೂ ಕಡೆಯ ಜೊಳ್ಳು ಸಮಸಮ ಬಂತು. ‘ತೊಂದರೆಯಿಲ್ಲ’ ಎಂದು ವರದಿಯಾಯಿತು. ಗೂಡುಗಳ ಸುತ್ತಲಿನ ಹೊಲಗಳಿಗೆ ಅದೇ ಬೀಜವನ್ನು ನಾಡಿದ್ದು ಹಂಚಲಿದ್ದಾರೆ. ಜೊಳ್ಳಕ್ಕನ ಅತ್ತಿಗೆಯ ಹೊಲವೂ ಅಲ್ಲೇ ಇದೆ.

ಹತ್ತು ದಿನದ ಹಿಂದೆ ಮನೆಯಲ್ಲಿ ಅಕ್ಕಿ ಕೇರುವಾಗ ಅವರ ಕೈ ತಟ್ಟನೆ ನಿಂತಿತು.

“ಹೋದ ಬೆಳೆ ಹೊತ್ತಿಗೆ ಗೂಡು ಹೊಸದಾಗಿ ಬಂದಿತ್ತು. ಬಯಲಿನ ಕಾಳಿಗೆಲ್ಲ ಮಸಿ. ಕೈ ಕಪ್ಪಾಗುತ್ತೆ ಅಂತ ಅತ್ತಿಗೆ ಮನೆಯಿಂದ ಮೊರ ತಂದು ಕೇರಿಬಿಟ್ಟೆ. ಮಸಿ ಜೊತೆ ಜೊಳ್ಳೂ ಹಾರಿಹೋಯ್ತು. ಉಳಿದಿದ್ದನ್ನ ಎಣಿಸಿ ಬರೆದೆ. ಚಿಕ್ಕಂದಿನಿಂದ ಕೇರಿದ ಕೈ ನೋಡಿ, ಜೊಳ್ಳು ಅಂದ್ರೆ ಬಿಸಾಕೋದು ಅಂತಲೇ ಗೊತ್ತು.”

ಮರುದಿನವೇ ಕೇಂದ್ರದ ವಿಜ್ಞಾನಿಯ ಮುಂದೆ ನಿಂತು ತಪ್ಪು ಒಪ್ಪಿಕೊಂಡರು. ಪುಣ್ಯಕ್ಕೆ ಉಗ್ರಾಣದಲ್ಲಿ ಅದೇ ಬೆಳೆಯ ಎರಡೂ ಕಡೆಯ ಕೆಲವು ಕಟ್ಟು ತೆನೆ ಉಳಿದಿದ್ದವು. ಅವನ್ನು ಕೇರದೆ ಮತ್ತೆ ಎಣಿಸುತ್ತಿದ್ದಾರೆ; ಇಂದು ಕೊನೆಯ ಕಟ್ಟು.

ಕೆಲಸ ಹೋದರೆ ಎಂದು ಕೇಳುತ್ತೇನೆ. ಬೆರಳು ನಿಲ್ಲುವುದಿಲ್ಲ.

“ಹೋದ್ರೆ ಹೋಗ್ಲಿ ಅನ್ನೋಕೆ ಬಾಯಿದೆ, ಎದೆ ಇಲ್ಲ. ಆದ್ರೆ ಅತ್ತಿಗೆ ಹೊಲದಲ್ಲಿ ಜೊಳ್ಳೇ ತುಂಬಿದ್ರೆ ಯಾವ ಮುಖ ಇಟ್ಕೊಂಡು ಆ ಮನೆ ಹೊಸಿಲು ತುಳೀಲಿ?”

ಮಧ್ಯಾಹ್ನಕ್ಕೆ ಲೆಕ್ಕ ಮುಗಿಯುತ್ತದೆ. ಗಾಜಿನ ಮನೆಯಲ್ಲಿ ನೂರಕ್ಕೆ ಹದಿನಾಲ್ಕು ಜೊಳ್ಳು, ಬಯಲಲ್ಲಿ ಮೂವತ್ತೇಳು. ವಿಜ್ಞಾನಿ ಎರಡು ಸಲ ಓದಿ, ಫೋನ್ ಎತ್ತಿ, ಬೀಜ ಹಂಚುವುದನ್ನು ನಿಲ್ಲಿಸುತ್ತಾರೆ. ಆಮೇಲೆ ತಲೆಯೆತ್ತದೆಯೇ ಹೇಳುತ್ತಾರೆ: “ನಾಳೆಯಿಂದ ಈ ಕೋಣೇಲಿ ಮೊರ ಕಾಣಬಾರ್ದು, ಅಕ್ಕ.”

“ನಾಳೆಯಿಂದ. ಅಂದ್ರೆ ನಾಳೆಯೂ ಕೆಲಸ ಇದೆ,” ಎಂದು ಜೊಳ್ಳಕ್ಕ ತಮ್ಮಷ್ಟಕ್ಕೇ ಹೇಳಿಕೊಂಡು, ಉಸಿರು ಬಿಡುತ್ತಾರೆ.

ಸಂಜೆ ಅತ್ತಿಗೆಯ ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೇವೆ. “ಓಹೋ, ಬಂತಾ ನನ್ನ ಮೊರ. ನಿನಗೆ ಬಳುವಳಿ ಕೊಟ್ಟೆ ಅಂದ್ಕೊಂಡಿದ್ದೆ,” ಎನ್ನುತ್ತಾರೆ ಅತ್ತಿಗೆ. ಜೊಳ್ಳಕ್ಕ ಅದರ ಅಂಚಿನಲ್ಲಿ ಉಳಿದಿದ್ದ ಮಸಿಯನ್ನು ಅಂಗೈಯಿಂದ ಒರೆಸಿ, ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಒಪ್ಪಿಸುತ್ತಾರೆ.