ಸಿಂಕಿನ ಮೇಲಿನ ಆರನೇ ದೀಪ

ಹಿಲ್ಯಾ ಕರ್ವೊನೆನ್ ನಮ್ಮ ಹ್ಯಾಂಕಾಕ್ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಸೂಪು ಕುದಿಸಿದವಳು. ಒಲೆ ಹಚ್ಚುತ್ತಿದ್ದಳೋ ಇಲ್ಲವೋ ಯಾರೂ ಕಂಡಿಲ್ಲ. ಅವಳು ಒಮ್ಮೆ ದುರುಗುಟ್ಟಿ ನೋಡಿದರೆ ಪಾತ್ರೆ ತಾನಾಗಿಯೇ ಕುದಿಯುತ್ತಿತ್ತು ಎಂದು ಅಲ್ಲಿ ಉಂಡು ಬೆಳೆದವರು ಇಂದಿಗೂ ಆಣೆಯಿಟ್ಟು ಹೇಳುತ್ತಾರೆ. ಅಪ್ಪ ತಾಮ್ರದ ಗಣಿಯಲ್ಲಿ ದುಡಿದವನು, ಗಂಡ ವಿಲ್ಹೊ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಇಬ್ಬರೂ ಅವಳೆದುರು ದನಿಯೆತ್ತಿದ್ದು ಸೀನುವಾಗ ಮಾತ್ರ.

ಅವಳಿಗೀಗ ಎಪ್ಪತ್ತಾರು. ಪಕ್ಕದ ಮನೆಯ ತೌನೊ ಲೆಹ್ತೊಲಾಗೆ ಎಂಬತ್ತು. ವೈರಿಂಗ್ ಕೆಲಸದಿಂದ ನಿವೃತ್ತ. ಇಬ್ಬರೂ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ವಿಲ್ಹೊನನ್ನು ಮಣ್ಣು ಮಾಡಿ ಬಂದ ದಿನ ಎಲ್ಲರೂ ಕಾಫಿಗೆ ಕೂತಿದ್ದೆವು. ಹಿಲ್ಯಾ ತಾನೇ ಏಲಕ್ಕಿ ಹಾಕಿ ನಿಸು ಎಂಬ ಸಿಹಿ ರೊಟ್ಟಿ ಮಾಡಿ ತಂದಿದ್ದಳು. ತೌನೊ ಒಂದು ಚೂರನ್ನು ಕಾಫಿಯಲ್ಲಿ ಮುಳುಗಿಸಿ, ಬಹಳ ಹೊತ್ತು ಕಾದು, ಬಾಯಿಗಿಟ್ಟು, "ಹಾಂ, ಈಗ ಕಡಿದ್ರೆ ಹಲ್ಲು ಮುರಿಯಲ್ಲ" ಅಂದ. ಅಷ್ಟೇ. ಅಂದಿನಿಂದ ಅವನು ಯಂತ್ರದಲ್ಲಿ ತನ್ನ ಅಂಗಳದ ಹಿಮವನ್ನು ಅವಳ ಕಡೆಗೆ ಎರಚುತ್ತಾನೆ, ಅವಳು ಸಲಿಕೆಯಲ್ಲಿ ಅಷ್ಟನ್ನೂ ವಾಪಸು ಎಸೆಯುತ್ತಾಳೆ. ಒಂದೇ ಹಿಮ ಹತ್ತೊಂಬತ್ತು ಚಳಿಗಾಲ ಅತ್ತಿಂದಿತ್ತ ಓಡಾಡಿ ಸವೆದುಹೋಗಿದೆ ಎಂಬುದು ನನ್ನ ಅಂದಾಜು.

ಈ ಮಾರ್ಚಿನಲ್ಲಿ ಅವಳ ಅಡುಗೆಮನೆಯ ದೀಪಗಳು ಕೈಕೊಟ್ಟವು. ಚಾವಣಿಯೊಳಗೆ ಹುದುಗಿದ ಆರು ಡಬ್ಬಿದೀಪಗಳು, ನಲವತ್ತು ವರ್ಷಗಳ ಹಿಂದೆ ತೌನೊನೇ ಕೂರಿಸಿದ್ದು. ಚಳಿ ತಡೆಯಲೆಂದು ಅವಳು ಅಟ್ಟದ ತುಂಬ ನಾರಿನ ಹೊದಿಕೆ ತುಂಬಿಸಿದ್ದಳು. ಹಾಗೆ ಹೂತುಹಾಕಲು ಮಾಡಿದ ಡಬ್ಬಿಗಳಲ್ಲ ಅವು. ಉರಿದು ಕಾದು ತಾವೇ ಆರುತ್ತಿದ್ದವು, ತಣಿದ ಮೇಲೆ ತಾವೇ ಹೊತ್ತುತ್ತಿದ್ದವು. ಸುತ್ತಲಿನ ಚಾವಣಿ ಕಂದುಗಟ್ಟಿತ್ತು. ಹಾಗೇ ಬಿಟ್ಟರೆ ಒಂದು ದಿನ ಅಟ್ಟವೇ ಹೊತ್ತಿಕೊಳ್ಳುತ್ತಿತ್ತು. ಆರನೆಯದು, ಸಿಂಕಿನ ಮೇಲಿನದು ಮಾತ್ರ, ಹತ್ತೊಂಬತ್ತು ವರ್ಷದಿಂದ ಕಣ್ಣೇ ಬಿಟ್ಟಿರಲಿಲ್ಲ. ಅದು ಸತ್ತಿದೆ ಎಂದು ಅವಳ ಲೆಕ್ಕ.

ಹೊದಿಕೆ ತಾಗಿದರೂ ಕೆಡದ ಹೊಸ ಚಪ್ಪಟೆ ದೀಪಗಳನ್ನು ತಂದು, ಜೊತೆಯ ಕಾಗದವನ್ನು ಪೂರ್ತಿ ಓದಿ, ಏಣಿ ಹಿಡಿಯಲು ಇದೇ ಬೀದಿಯ ಒನ್ನಿಯಾದ ನನ್ನನ್ನು ಕರೆದಳು.

"ಗೋಡೆ ಸ್ವಿಚ್ ಆರಿಸಿದ್ರೆ ಸಾಲ್ದು ಒನ್ನಿ, ನೆಲಮಾಳಿಗೇಲಿ ಆ ಲೈನಿನ ಬ್ರೇಕರೇ ಇಳಿಸ್ಬೇಕು. ವಿಲ್ಹೊ ಬ್ರೇಕರ್ ಪೆಟ್ಟಿಗೆ ಮುಚ್ಚಳದ ಮೇಲೆ ಎಲ್ಲಾ ಬರ್ದಿಟ್ಟಿದಾನೆ. 'ಅಡುಗೆಮನೆ, ಆರು ದೀಪ'. ಇಳಿಸ್ಬಿಟ್ಟು ಬಂದೆ."

ಕೆಲಸ ಚೆನ್ನಾಗಿಯೇ ನಡೆಯಿತು. ಬಲ್ಬು ಬಿಚ್ಚಿ, ತಗಡಿನ ಡಬ್ಬಿ ಕೆಳಗೆಳೆದು, ಕರೆಂಟಿದ್ದರೆ ಚಿಲಿಪಿಲಿಗುಟ್ಟುವ ಪೆನ್ನಿನಂಥ ಟೆಸ್ಟರನ್ನು ತಂತಿಗೆ ಹಿಡಿಯುತ್ತಿದ್ದಳು. ಅದು ಸುಮ್ಮನಿದ್ದರೆ ಮಾತ್ರ ಕೈ ಹಾಕುತ್ತಿದ್ದಳು. ಕಪ್ಪು ತಂತಿಗೆ ಕಪ್ಪು, ಬಿಳಿಗೆ ಬಿಳಿ, ಬರಿಯ ತಾಮ್ರಕ್ಕೆ ಹಸಿರು. ಸ್ಪ್ರಿಂಗು ಮಡಚಿ ಮೇಲೆ ತಳ್ಳಿದರೆ ದೀಪ ಟಪ್ಪೆಂದು ಕೂರುತ್ತಿತ್ತು. ಒಂದೊಂದು ತೂತಿನಿಂದಲೂ ಒಂದೊಂದು ಕುರಿಯಷ್ಟು ನಾರು ನನ್ನ ತಲೆಗೆ ಸುರಿಯಿತು. ಧೂಳು ಹೋಗಲೆಂದು ಸಿಂಕಿನ ಕಿಟಕಿಯನ್ನು ಗೇಣಗಲ ತೆರೆದೆವು.

ಐದನೆಯದು ಮುಗಿಯುತ್ತಿದ್ದಂತೆ ಆ ಸಂದಿಯಲ್ಲಿ ತೌನೊನ ಮೂಗು ಕಾಣಿಸಿತು. ಈ ವರ್ಷದ ಹಿಮ ಎಷ್ಟಿತ್ತೆಂದರೆ ಅಂಚೆಯವನು ಕಾಗದಗಳನ್ನು ಚಿಮಣಿಯಲ್ಲಿ ಹಾಕಿ ಹೋಗುತ್ತಿದ್ದ. ಅದರ ಮೇಲೆ ಬಗ್ಗಿ ನಿಂತ ತೌನೊನ ಬೂಟು ಸಿಂಕಿನ ಮಟ್ಟಕ್ಕಿತ್ತು.

"ಒನ್ನಿ," ಅಂದ ಅವನು, "ಏಣಿ ಮೇಲಿರೋ ಮುದಿ ಕೊಕ್ಕರೆಗೆ ಹೇಳು, ಸಿಂಕಿನ ದೀಪ ಮುಟ್ಬಾರ್ದು. ಅದು ಅಡುಗೆಮನೆ ಬ್ರೇಕರ್‌ನಲ್ಲಿಲ್ಲ, ನೆಲಮಾಳಿಗೆ ಹಬೆಸ್ನಾನದ ಸೌನಾ ಬ್ರೇಕರ್‌ನಲ್ಲಿದೆ. ಈಗ್ಲೂ ಕರೆಂಟಿದೆ."

"ಒನ್ನಿ," ಅಂದಳು ಅವಳು, ನನ್ನ ತಲೆಯ ಮೇಲಿಂದ, "ಕಿಟಕೀಲಿ ಏನೋ ಬೊಗಳ್ತಿದೆ, ಅದಕ್ಕೆ ಹೇಳು, ವಿಲ್ಹೊ ಆರು ದೀಪ ಅಂತ ಬರ್ದಿದಾನೆ. ನನ್ನ ಗಂಡ ಎಣಿಸೋಕೆ ಬರದವನಲ್ಲ."

"ಬರ್ದಿದ್ದು ಮೊದ್ಲು, ನಾನು ವೈರು ಬದಲಾಯ್ಸಿದ್ದು ಆಮೇಲೆ! ಹೇಳೋ ಅವಳಿಗೆ!"

"ಕೇಳಿಸ್ತಮ್ಮಾ?" ಅಂದೆ.

"ನನಗೆ ನಿನ್ನ ಮಾತು ಬಿಟ್ಟು ಬೇರೇನೂ ಕೇಳಿಸಲ್ಲ. ಏಣಿ ಗಟ್ಟಿಯಾಗಿ ಹಿಡಿ." ಏಣಿಯನ್ನು ಸಿಂಕಿನ ಪಕ್ಕಕ್ಕೆ ಎಳೆಸಿ ಹತ್ತಿ, ಆರನೇ ಡಬ್ಬಿಯನ್ನು ಕೆಳಗೆಳೆದಳು. ಟೆಸ್ಟರು ಮೇಜಿನ ಮೇಲೇ ಇತ್ತು.

"ಅಲ್ಯೂಮಿನಿಯಂ ಏಣಿ ಬೇರೆ! ಇಬ್ರಿಗೂ ಸೇರಿ ಒಂದು ಮಿದುಳಿಲ್ವಾ?" ಎಂದು ಕಿಟಕಿ ಕೂಗಿತು.

ಅವಳು ಹೊತ್ತಿಕೊಂಡರೆ ಎರಡನೇ ಬಲ್ಬು ನಾನೇ. "ಹಿಲ್ಯಾ, ಒಂದ್ಸಲ ಟೆಸ್ಟರ್ ಇಡಮ್ಮಾ."

"ಓಹೋ, ನೀನೂ ಅವನ ಕಡೆನಾ? ಹತ್ತೊಂಬತ್ತು ವರ್ಷ ಉರೀದೇ ಇರೋ ದೀಪದಲ್ಲಿ ಕರೆಂಟು ಎಲ್ಲಿಂದ ಬರುತ್ತೆ?"

ತೌನೊ ಸಂದಿಗೆ ಬಾಯಿಟ್ಟ. "ಅದು ಉರೀಲಿಲ್ಲ ಯಾಕೆ ಅಂತ ಕೇಳು. ಸೌನಾ ಬಾಗಿಲಲ್ಲಿ ಅದರ ಸ್ವಿಚ್ಚಿದೆ. ನೆಲಮಾಳಿಗೇಲಿ ಕಲ್ಲು ಕಾದ ತಕ್ಷಣ ವಿಲ್ಹೊ ಅದನ್ನ ಒತ್ತಬೇಕು, ಮೇಲೆ ಪಾತ್ರೆ ತೊಳೆಯೋ ಇವಳ ತಲೆ ಮೇಲೆ ದೀಪ ಹತ್ಬೇಕು, ಇವಳು ಟವಲ್ ತಗೊಂಡು ಇಳೀಬೇಕು. ಮೆಟ್ಟಿಲ ಬುಡದಿಂದ ಇವಳನ್ನ ಕೂಗಿ ಕರೆಯೋ ಧೈರ್ಯ ಅವನಿಗಿರ್ಲಿಲ್ಲ. ಒಂದು ಶನಿವಾರ ನನ್ನ ಕೈಲಿ ಮಾಡಿಸ್ಕೊಂಡ. ಕರೆಂಟು ಮೊದ್ಲು ಆ ದೀಪದ ಡಬ್ಬಿಗೆ ಬಂದು, ಆಮೇಲೆ ಸ್ವಿಚ್ಚಿಗೆ ಇಳಿಯುತ್ತೆ. ಸ್ವಿಚ್ ಆರಿದ್ರೂ ಮೇಲಿನ ತಂತಿ ಸಾಯಲ್ಲ!"

ವಿಲ್ಹೊ ಹೋದ ಮೇಲೆ ಆ ಸೌನಾ ಬಾಗಿಲನ್ನು ಅವಳು ತೆರೆದಿರಲಿಲ್ಲ. ಶನಿವಾರ ತಂಗಿಯ ಮನೆಯಲ್ಲಿ ಮೀಯುತ್ತಿದ್ದಳು. ಏಣಿಯ ಮೇಲಿಂದ ಅವಳು ಕೈ ಕೆಳಗೆ ಚಾಚಿದಳು.

"ಟೆಸ್ಟರ್ ಕೊಡು. ಇವನು ಸುಳ್ಳ ಅಂತ ಇವತ್ತು ಬೀದಿಗೆಲ್ಲಾ ತೋರಿಸ್ತೀನಿ."

ಕೊಟ್ಟೆ. ಅವಳು ಅದನ್ನು ತಂತಿಯ ಹತ್ತಿರ ಒಯ್ದಳು. ಗೂಡಿಗೆ ಹಾವು ನುಗ್ಗಿದಾಗ ಗುಬ್ಬಿ ಅರಚುತ್ತದಲ್ಲ, ಹಾಗೆ ಅರಚಿತು ಟೆಸ್ಟರು. ಕಿಟಕಿಯಾಚೆ ತೌನೊ ಅಲ್ಲೇ ಹಿಮದ ಮೇಲೆ ಕುಸಿದು ಕೂತ.

ಹಿಲ್ಯಾ ಒಂದೊಂದೇ ಮೆಟ್ಟಿಲು ಇಳಿದಳು. ಕಿಟಕಿಯನ್ನು ಪೂರ್ತಿ ಮೇಲೆತ್ತಿ, ನನ್ನ ಮೂಲಕವಲ್ಲದೆ ನೇರವಾಗಿ ಅವನ ಮುಖಕ್ಕೇ ಹೇಳಿದಳು:

"ಹತ್ತೊಂಬತ್ತು ವರ್ಷ. ನನ್ನ ತಲೆ ಮೇಲೆ ಸಾವು ನೇತಾಡ್ತಿದೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲೋ!"

"ನೀನು ಬಾಗಿಲು ತೆರೀತಿದ್ಯಾ?"

"ಕಾಗದ ಬರೀಬಹುದಿತ್ತು!"

"ಬರ್ದೆ. ಮೂರು ಸಲ. ನೀನು ಒಡೀದೇ ವಾಪಸ್ ಕಳಿಸ್ದೆ."

ಅದು ನಿಜ. ಅವಳು ಹೇಳಿದಂತೆ ಮೂರನ್ನೂ ವಾಪಸು ಒಯ್ದು ಕೊಟ್ಟವನು ನಾನೇ. ಬೈಗುಳದ ಕಾಗದಗಳಿರಬೇಕೆಂದು ನಂಬಿದ್ದೆ. ಹಿಲ್ಯಾ ನನ್ನ ಕಡೆ ತಿರುಗಿದಳು. ಕುದಿಯಲು ಅಲ್ಲಿ ಪಾತ್ರೆ ಇರಲಿಲ್ಲ, ನಾನಿದ್ದೆ.

"ಅದನ್ನ ನಾನು ಅಡುಗೆಮನೆ ಲೈನಿಗೆ ತಂದುಕೊಡ್ತೀನಿ," ಅಂದ ತೌನೊ, ಸ್ವಲ್ಪ ದನಿ ತಗ್ಗಿಸಿ. "ಹತ್ತು ನಿಮಿಷದ ಕೆಲಸ."

"ಮೊದ್ಲು ನನ್ನ ಹಿಮದ ಮೇಲಿಂದ ಇಳಿಯೋ. ಆ ದೀಪ ಸೌನಾ ಲೈನಲ್ಲೇ ಇರುತ್ತೆ."

ಅವಳು ಕೆಳಗಿಳಿದು ಸೌನಾದ ಬ್ರೇಕರನ್ನೂ ಇಳಿಸಿದಳು, ಬಂದು ಮತ್ತೆ ಟೆಸ್ಟರ್ ಹಿಡಿದಳು, ಅದು ಸುಮ್ಮನಾದ ಮೇಲೆ ಆರನೆಯದನ್ನೂ ಕೂರಿಸಿದಳು. ಪೆಟ್ಟಿಗೆಯ ಮುಚ್ಚಳದ ಮೇಲೆ ವಿಲ್ಹೊನ ಸಾಲನ್ನು ಹೊಡೆದುಹಾಕದೆ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: 'ಸಿಂಕಿನ ದೀಪ ಸೌನಾ ಬ್ರೇಕರಿನದು. ಹೀಗೆ ಮಾಡಿದವನು ತೌನೊ.'

ಆ ಶನಿವಾರ ಅವಳು ನೆಲಮಾಳಿಗೆಯ ಸೌನಾ ತೆರೆದು, ಕಲ್ಲು ಕಾಯಿಸಿ, ಬಾಗಿಲ ಸ್ವಿಚ್ ಒತ್ತಿದಳು. ಸಿಂಕಿನ ಮೇಲೆ ದೀಪ ಹತ್ತಿದ್ದು ಪಕ್ಕದ ಮನೆಗೂ ಕಂಡಿತು.

"ಆ ದೀಪ ಓರೆ ಕೂತಿದೆ!" ಎಂದು ತೌನೊ ತನ್ನ ಕಿಟಕಿಯಿಂದ ಕೂಗಿದ.

"ನಿನ್ನ ಮೂತಿಗಿಂತ ನೇರ ಇದೆ!"

ಈಗ ಅವರು ದಿನಾ ಮಾತಾಡುತ್ತಾರೆ. ಬೆಳಗ್ಗೆ ಏಳಕ್ಕೆ ಶುರು. ಅವರು ಮಾತು ಬಿಟ್ಟಿದ್ದಾಗ ಈ ಬೀದಿ ಎಷ್ಟು ಸುಖವಾಗಿ ನಿದ್ದೆ ಮಾಡುತ್ತಿತ್ತೆಂದು ನಮಗೆ ಗೊತ್ತಿರಲಿಲ್ಲ. ನನ್ನೊಡನೆ ಮಾತ್ರ ಹಿಲ್ಯಾ ಮಾತು ಬಿಟ್ಟಿದ್ದಾಳೆ, ಆ ಮೂರು ಕಾಗದಗಳಿಗಾಗಿ. ಏನಾದರೂ ಬೇಕಾದರೆ ತೌನೊನ ಕೈಯಲ್ಲಿ ಹೇಳಿಸುತ್ತಾಳೆ.