ನಂಜುಂಡಪ್ಪನ ಮೂರು ವಾರ

ಮೂವತ್ತು ತುಂಬಿದರೂ ಪೋಸ್ಟ್‌ಮ್ಯಾನ್ ನಂಜುಂಡಪ್ಪನ ಗದ್ದದಲ್ಲಿ ಒಂದು ಕೂದಲೂ ಇರಲಿಲ್ಲ. ಆದರೂ ಭಾನುವಾರ ಬಂತೆಂದರೆ ಗುಬ್ಬಿಯ ಕ್ಷೌರದಂಗಡಿಯಲ್ಲಿ ಸರದಿಗೆ ಕೂತು, ನೊರೆ ಹಚ್ಚಿಸಿಕೊಂಡು, ನುಣ್ಣನೆಯ ಕೆನ್ನೆಗೆ ಕತ್ತಿ ಆಡಿಸಿಕೊಂಡೇ ಏಳುತ್ತಿದ್ದ. ಯಾರಾದರೂ ನಕ್ಕರೆ, "ನಗಾಡ್ರಪ್ಪಾ, ನಗಾಡಿ. ಮಳೆ ಬರ್ಲಿಲ್ಲ ಅಂತ ಹೊಲ ಉಳೋದ್ ಬುಟ್ಬುಡ್ತೀರಾ?" ಎಂದು ತಾನೂ ನಗುತ್ತಿದ್ದ. ದನಿಯೂ ಹುಡುಗರ ದನಿ. ಹಳ್ಳಿಗಳಲ್ಲಿ ಅವನು "ಪೋಸ್ಟ್" ಎಂದು ಕೂಗಿದರೆ ಒಳಗಿನಿಂದ "ಯಾರವ್ವಾ ಅದು?" ಎಂದು ಕೇಳುತ್ತಿದ್ದರಂತೆ. ಅದನ್ನು ಅವನೇ ನಟಿಸಿ ತೋರಿಸುತ್ತಿದ್ದ.

ಎಪ್ಪತ್ತರ ದಶಕದ ಕೊನೆ. ನಾನು ಗುಬ್ಬಿಯ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್. ಒಂದು ದಿನ ಅವನು ಬೆಂಗಳೂರಿನ ದೊಡ್ಡ ಡಾಕ್ಟರ ಚೀಟಿ ಹಿಡಿದು ಬಂದ. ಹದಿಮೂರನೆಯ ವಯಸ್ಸಿನಲ್ಲಿ ಬಂದ ಮಂಗನಬಾವು ಗದ್ದದಿಂದ ಕೆಳಗಿಳಿದು ಅವನ ವೃಷಣಗಳನ್ನು ಕೆಡಿಸಿತ್ತು. ಗಂಡಸಿಗೆ ಬೇಕಾದ ಹಾರ್ಮೋನು ಅವನ ಮೈಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಅದನ್ನು ಹೊರಗಿನಿಂದ ಕೊಡಬೇಕು: ಮೂರು ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಆರು ತಿಂಗಳಿಗೊಮ್ಮೆ ತುಮಕೂರಿನಲ್ಲಿ ರಕ್ತಪರೀಕ್ಷೆ. ನಮ್ಮ ಡಾಕ್ಟರು ಚೀಟಿ ಓದಿ ನನಗೆ ಹೇಳಿದರು: "ಇದು ರಕ್ತಾನ ಗಟ್ಟಿ ಮಾಡುತ್ತೆ ಕಣಯ್ಯ. ರಿಪೋರ್ಟ್ ತರದಿದ್ರೆ ಸೂಜಿ ಮುಟ್ಟಬೇಡ."

ಎಣ್ಣೆಯಂಥ ಔಷಧಿ. ಗಾಜಿನ ಪುಟ್ಟ ಆಂಪೂಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ದಪ್ಪ ಸೂಜಿಯಲ್ಲಿ ನಿಧಾನವಾಗಿ ಇಳಿಸಬೇಕು. ಬೋರಲು ಮಲಗಿದ ನಂಜುಂಡಪ್ಪ, "ಸಾವ್ಕಾಶ ಕಣಣ್ಣ, ನೀ ತಳ್ತಿರೋದು ಕಾಗದ ಅಲ್ಲ, ಪಾರ್ಸಲ್ಲು" ಎನ್ನುತ್ತಿದ್ದ.

ಒಂದೆರಡು ವರ್ಷದಲ್ಲಿ ಅವನು ಬೇರೆಯೇ ಆಳಾದ. ದನಿ ಒಡೆಯಿತು, ತೋಳು ತುಂಬಿತು, ಗದ್ದದಲ್ಲಿ ಕಪ್ಪು ಮೂಡಿತು. ಅದನ್ನು ತೋರಿಸಲು ಓಡಿಬಂದದ್ದು ನನ್ನ ಬಳಿಗೇ. "ಮುಟ್ಟಿ ನೋಡಣ್ಣ, ಚುಚ್ತದೆ!" ಅವನನ್ನು ನಾನೇ ತಿದ್ದಿ ಮಾಡಿದೆನೆಂಬ ಜಂಭ ನನಗೆ.

ಕುಣಿಗಲ್ ಕಡೆಯ ಲಕ್ಷ್ಮಮ್ಮನನ್ನು ನೋಡಲು ಹೋದಾಗ ಅವಳೊಬ್ಬಳಿಗೇ ಹೇಳಿದನಂತೆ: "ನಂಗೆ ಮಕ್ಕಳಾಗಲ್ಲ. ಸೂಜಿ ಗಡ್ಡ ಕೊಡ್ತದೆ, ಮಗು ಕೊಡಲ್ಲ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡು." ಅವಳು, "ನಮ್ಮಕ್ಕಂಗೆ ಐದವೆ, ಮನೆ ತುಂಬಾ ಆಡ್ಕಂಡಿರ್ತವೆ ಬುಡಿ" ಎಂದಳಂತೆ. ಮದುವೆಯಾದ ಮೇಲೆ ಇದನ್ನು ಅವನು ನನಗೆ ಎಷ್ಟು ಸಲ ಹೇಳಿದನೋ.

ಆದರೆ ಮೂರನೆಯ ವಾರ ಬಂತೆಂದರೆ ಔಷಧಿಯ ಬಲ ಇಳಿದು ಅವನು ಬಾಡುತ್ತಿದ್ದ. ಸೈಕಲ್ ತುಳಿಯಲು ಸುಸ್ತು, ಮಾತಿಗೆ ಸಿಡುಕು. ಒಮ್ಮೆ ಹದಿನೈದನೆಯ ದಿನಕ್ಕೇ ಆಂಪೂಲ್ ಹಿಡಿದು ಬಂದ. "ಈಗ್ಲೇ ಕೊಟ್ಬುಡಣ್ಣ. ಅವಳ ಮುಂದೆ ಹಿಂಗಿರಕ್ಕಾಗಲ್ಲ." ಡಾಕ್ಟರು ಊರಲ್ಲಿರಲಿಲ್ಲ. ಕೊಟ್ಟೆ. ಆಮೇಲೆ ಅವರಿಗೆ ಹೇಳದೆಯೇ ಹತ್ತು ದಿನಕ್ಕೊಂದಾಯಿತು, ವಾರಕ್ಕೊಂದಾಯಿತು. ರಿಪೋರ್ಟ್ ಕೇಳಿದರೆ "ತರ್ತೀನಿ" ಎನ್ನುತ್ತಿದ್ದ. ಮುಖ ಕೆಂಪೇರಿದ್ದನ್ನು ಕಂಡೂ ಅದು ಆರೋಗ್ಯದ ಕಳೆ ಎಂದುಕೊಂಡೆ.

ಒಂದು ಬೇಸಗೆಯಲ್ಲಿ ಅವನ ಎಡಗಾಲು ಊದಿ ಕಂಬದಂತಾಯಿತು. ತುಮಕೂರಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಮಂದವಾದ ರಕ್ತ ಕಾಲಿನಲ್ಲಿ ಹೆಪ್ಪುಗಟ್ಟಿತ್ತು. ಅದರ ಗಟ್ಟಿತನ ತಗ್ಗಿಸಲು ಒಂದು ಬಾಟಲಿ ರಕ್ತ ತೆಗೆದ ಮೇಲೆ ಅಲ್ಲಿನ ಡಾಕ್ಟರು ನನ್ನತ್ತ ತಿರುಗಿದರು.

"ಎಷ್ಟು ದಿನಕ್ಕೊಂದು ಕೊಡ್ತಿದ್ರಿ?"

"ಮೂರು ವಾರಕ್ಕೊಂದು ಸಾರ್."

ನಂಜುಂಡಪ್ಪ ಮಂಚದ ಮೇಲಿಂದ ನನ್ನನ್ನೇ ನೋಡಿದ. ಆಮೇಲೆ ಗೋಡೆಯತ್ತ ಮುಖ ತಿರುಗಿಸಿದ.

"ಅಷ್ಟಕ್ಕೇ ಹೀಗಾಗಿದ್ರೆ ಈ ಔಷಧಿ ಇವರಿಗೆ ಆಗೋದೇ ಇಲ್ಲ. ಇವತ್ತಿಂದ ನಿಲ್ಲಿಸಿಬಿಡಿ."

ನಿಜ ಹೇಳಿದ್ದರೆ ಅವರು ಪ್ರಮಾಣ ಸರಿಮಾಡುತ್ತಿದ್ದರೇನೋ. ನಾನು "ಆಯ್ತು ಸಾರ್" ಎಂದೆ.

ಕಾಲು ವಾಸಿಯಾಯಿತು, ಮನುಷ್ಯ ಕರಗುತ್ತ ಹೋದ. ತೋಳುಗಳು ಸೊರಗಿದವು. ಸುಮ್ಮನೆ ಕೂತಲ್ಲೇ ಮೈಗೆ ಸೆಖೆಯೇರಿ ಬೆವರುತ್ತಿದ್ದ. ಕೆಲವು ವರ್ಷಗಳಲ್ಲಿ ಮೂಳೆ ಟೊಳ್ಳಾಗಿ, ಸೈಕಲ್ಲಿನಿಂದ ಬಿದ್ದು ಸೊಂಟ ಮುರಿಯಿತು. ಕೆಲಸ ಬಿಟ್ಟು, ಗಂಡಹೆಂಡತಿ ಲಕ್ಷ್ಮಮ್ಮನ ತಮ್ಮನಿದ್ದ, ತುಮಕೂರಿಗೆ ಹತ್ತಿರದ ಮರಳೂರಿಗೆ ಹೋಗಿ ನೆಲೆಸಿದರು.

ಎಂಬತ್ತರ ದಶಕದ ಕೊನೆಯಲ್ಲಿ, ಎಲ್ಲ ಹೇಳಿಬಿಡಬೇಕೆಂದು ಅಲ್ಲಿಗೆ ಹೋದೆ. ಲಕ್ಷ್ಮಮ್ಮ ಕಾಫಿ ಕೊಟ್ಟು, "ನೀವು ಅಷ್ಟು ಜೋಪಾನವಾಗಿ ಕೊಟ್ರಿ ಅಣ್ಣ. ಇವರ ಮೈಗೇ ಒಗ್ಗಲಿಲ್ಲ, ಏನ್ ಮಾಡಕ್ಕಾಗ್ತದೆ?" ಎಂದಳು.

ಅವಳು ಒಳಗೆ ಹೋದೊಡನೆ ನಂಜುಂಡಪ್ಪ ನನ್ನ ಕೈ ಹಿಡಿದ. "ಅವಳಿಗೆ ಹೇಳ್ಬ್ಯಾಡ ಕಣಣ್ಣ. ಅವಳು ಯಾವತ್ತೂ ನನ್ನ ಸಾಲ್ದು ಅಂದೋಳಲ್ಲ. ನಾನೇ ಆಸೆ ಬಿದ್ದು ಹಾಕಿಸ್ಕಂಡೆ ಅಂತ ಗೊತ್ತಾದ್ರೆ, ತನ್ನಿಂದ್ಲೇ ಹಿಂಗಾಯ್ತು ಅಂತ ಅಳ್ತಾಳೆ."

"ಆ ಆಸ್ಪತ್ರೆ ಡಾಕ್ಟ್ರಿಗಾದ್ರೂ ಹೇಳ್ತೀನಿ. ಮತ್ತೆ ಶುರು ಮಾಡ್ಬೋದೇನೋ."

"ನಿನ್ ಕೆಲಸ ಹೋಗ್ತದೆ. ಬುಡಣ್ಣ."

ಬಸ್ ಸ್ಟ್ಯಾಂಡಿಗೆ ಬರುವಾಗ ತುಮಕೂರಿನ ಅದೇ ಆಸ್ಪತ್ರೆಯ ಗೇಟಿನೊಳಗೆ ಹೋದೆ. ಡಾಕ್ಟರ ಕೋಣೆಯ ಮುಂದೆ ಸಾಲು ಉದ್ದವಿದೆ, ಇನ್ನೊಂದು ದಿನ ಬಂದರಾಯಿತು ಎಂದುಕೊಂಡು ಗುಬ್ಬಿ ಬಸ್ಸು ಹತ್ತಿದೆ. ಆರು ತಿಂಗಳಿಗೆ ನಂಜುಂಡಪ್ಪ ತೀರಿಕೊಂಡ ಸುದ್ದಿ ಬಂತು.

ಆ ಸಾಲು ಉದ್ದವೇನೂ ಇರಲಿಲ್ಲ. ನಾಲ್ಕೈದು ಜನ ಇದ್ದರು, ಅಷ್ಟೆ.