ಪೆಟ್ಟಿಗೆಯಕ್ಕ ಹುಡುಕಿಕೊಟ್ಟ ಕಾಲು

ಬೆಳಗಿನ ಐದೂಮುಕ್ಕಾಲು. ದ್ವೀಪದ ಪುಟ್ಟ ವಿಮಾನ ನಿಲ್ದಾಣದಲ್ಲಿ ದಿನದ ಮೊದಲ ವಿಮಾನ ಇಳಿದಿದೆ. ಸಾಮಾನು ಬರುವ ಬೆಲ್ಟಿನ ಸುತ್ತ ನಿದ್ದೆಗಣ್ಣಿನ ಜನ. ಕಂಬವೊಂದಕ್ಕೆ ಒರಗಿ ನಿಂತ ಐವತ್ತರ ಹೆಂಗಸು ಮಾತ್ರ ಪೆಟ್ಟಿಗೆಗಳತ್ತ ನೋಡುತ್ತಲೇ ಇಲ್ಲ. "ನಾನು ಕೈ ನೋಡ್ತೀನಿ" ಅನ್ನುತ್ತಾರೆ ಅವರು. "ತಮ್ಮ ಪೆಟ್ಟಿಗೆ ಎತ್ತೋರ ಕೈ ಅನುಮಾನ ಪಡಲ್ಲ. ಬೇರೆಯವರದ್ದು ಎತ್ತೋ ಕೈ ಒಂದು ಗಳಿಗೆ ತಡೆಯುತ್ತೆ. ಆದ್ರೆ ಎಲ್ಲಾ ಕೈನೂ ನೋಡೋಕೆ ನನಗಿರೋದು ಎರಡೇ ಕಣ್ಣು."

ನಿಲ್ದಾಣದಲ್ಲಿ ಕಸ ಗುಡಿಸುವವರಿಂದ ಹಿಡಿದು ಪೈಲಟ್‌ವರೆಗೆ ಎಲ್ಲರೂ ಇವರನ್ನು ಕರೆಯುವುದು ಪೆಟ್ಟಿಗೆಯಕ್ಕ ಎಂದೇ. ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಇವರಿಗಿದು ಹದಿನೇಳನೆಯ ವರ್ಷ. ದಿನಕ್ಕೆ ಆರು ವಿಮಾನ, ರಜೆಯ ತಿಂಗಳಲ್ಲಿ ಒಂಬತ್ತು. ದಿನವೊಂದಕ್ಕೆ ಹತ್ತು ಹನ್ನೆರಡು ಪೆಟ್ಟಿಗೆಯಾದರೂ ದಾರಿ ತಪ್ಪುತ್ತವೆ. ಬಹುಪಾಲು ಎರಡು ದಿನದೊಳಗೆ ಸಿಗುತ್ತವೆ. ಸಿಕ್ಕವರು ಪೆಟ್ಟಿಗೆ ತಬ್ಬಿಕೊಂಡು ಹೋಗುತ್ತಾರೆ. ಹುಡುಕಿಕೊಟ್ಟವರತ್ತ ತಿರುಗಿ ನೋಡುವವರು ಕಡಿಮೆ.

ಮೊದಲು ಇವರು ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಆವಿಗೆ ಉಬ್ಬಸ ಹತ್ತಿಕೊಂಡಿತು, ಬಿಟ್ಟರು. ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ ಗಂಡ ಬೆನ್ನುನೋವಿನಿಂದ ಆರು ವರ್ಷದಿಂದ ಮನೆಯಲ್ಲೇ ಇದ್ದಾರೆ, ಅಡುಗೆ ಅವರದು. ಅತ್ತೆಯ ಕೆಲಸ ಸೊಸೆಯನ್ನು ಗೇಲಿ ಮಾಡುವುದು. "ಊರವರ ಗಂಟು ಹುಡುಕ್ತಾಳೆ, ಮನೆ ಬೀಗದ ಕೈ ಎಲ್ಲಿಟ್ಟೆ ಅಂತ ನನ್ನನ್ನ ಕೇಳ್ತಾಳೆ."

ಕೌಂಟರಿನಲ್ಲಿ ಬೈಗುಳಕ್ಕೂ ಬರವಿಲ್ಲ. "ಜನ ಬೈಯೋದು ಪೆಟ್ಟಿಗೇನ. ಅದು ಎದುರಿಗಿಲ್ವಲ್ಲ, ಅದರ ಪರವಾಗಿ ನಾನು ಕೇಳಿಸ್ಕೋತೀನಿ" ಎಂದು ಅವರು ನಗುವಾಗಲೇ ಬೆಲ್ಟಿನ ಬಳಿ ಸಣ್ಣ ಜಗಳ ಶುರುವಾಗಿದೆ.

ನೀಲಿ ಪೆಟ್ಟಿಗೆಯೊಂದು ಒಂಟಿಯಾಗಿ ಸುತ್ತುತ್ತಿದೆ. ಅದರ ಹಿಂದೆ ಒಂದು ಕೆಂಪು ಬಟ್ಟೆಯ ಪಟ್ಟಿ, ಅದೂ ಒಂಟಿಯಾಗಿ. "ಎರಡು ಗಂಟು ಹಾಕಿ ಅಂತ ಬಡ್ಕೊಂಡೆ" ಎನ್ನುತ್ತಿದ್ದಾರೆ ಹೆಂಡತಿ. "ಹಾಕಿದ್ದೆ ಕಣೇ" ಎನ್ನುತ್ತಾರೆ ಗಂಡ, ದನಿ ಮಾತ್ರ ಒಂದೇ ಗಂಟಿನಷ್ಟು. ಹೆಂಡತಿ ದರ್ಜಿ, ಗುರುತಿಗೆಂದು ಪಟ್ಟಿ ಹೊಲಿದವರು ಅವರೇ. ಪಟ್ಟಿ ಬಿಚ್ಚಿ ಬಿದ್ದಿದೆ, ಅದೇ ಬಣ್ಣದ ಪೆಟ್ಟಿಗೆಯವರು ಯಾರೋ ಇವರದನ್ನು ಎತ್ತಿಕೊಂಡು ಹೋಗಿದ್ದಾರೆ.

"ಒಳಗೆ ಏನೇನಿತ್ತು?" ಪೆಟ್ಟಿಗೆಯಕ್ಕ ಕೇಳುತ್ತಾರೆ.

"ಬಟ್ಟೆ. ಆಮೇಲೆ..." ಗಂಡ ತಡವರಿಸುತ್ತಾರೆ. "ಕಾಲು."

"ಚಪ್ಪಲಿನಾ?"

"ಅಲ್ಲಮ್ಮ, ಕಾಲೇ." ಬಗ್ಗಿ ಪ್ಯಾಂಟಿನ ಬಲಗಾಲು ಮೇಲೆತ್ತುತ್ತಾರೆ. ಮೊಣಕಾಲಿನ ಕೆಳಗೆ ಕೃತಕ ಕಾಲು. "ಇದು ನೆಲದ ಮೇಲೆ ನಡೆಯೋಕೆ. ಉಪ್ಪುನೀರು ತಾಗಿದ್ರೆ ಕೀಲು ಹಾಳಾಗುತ್ತೆ. ನೀರಿಗಿಳಿಯೋಕೆ ಬೇರೆ ಮಾಡಿಸಿದ್ದೆ. ಅದು ಪೆಟ್ಟಿಗೇಲಿದೆ."

ಅವರು ಲಾರಿ ಚಾಲಕರು. ಅಪಘಾತವಾಗಿ ಹನ್ನೊಂದು ವರ್ಷವಾಗಿದೆ. ಆಸ್ಪತ್ರೆಯ ಮಂಚದಲ್ಲಿದ್ದಾಗಲೇ ಹೆಂಡತಿ ಮಾತು ಕೊಟ್ಟಿದ್ದರು, ಒಂದು ದಿನ ಬೆಚ್ಚನೆಯ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆಂದು. ಮೂರು ಸಲ ಟಿಕೆಟ್ ಮಾಡಿಸಿ ಮೂರು ಸಲವೂ ರದ್ದು: ಇನ್ನೊಂದು ಆಪರೇಷನ್, ಮಾವನ ಕಾಯಿಲೆ, ಬಿರುಗಾಳಿ. ಈಗ ಬಂದಿದ್ದಾರೆ, ಕಾಲೇ ಇಲ್ಲ. ಅವರು ಹೋಗಬೇಕಾದ ಆಚೆಯ ಸಣ್ಣ ದ್ವೀಪಕ್ಕೆ ದೋಣಿ ಬೆಳಗ್ಗೆ ಹತ್ತಕ್ಕೆ. ತಪ್ಪಿದರೆ ಇನ್ನು ಮೂರು ದಿನಕ್ಕೆ. ಇವರಿಗಿರುವುದು ಐದೇ ದಿನದ ರಜೆ.

ಉಳಿದ ಪೆಟ್ಟಿಗೆಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹೋಗುವುದಿಲ್ಲ. ಪೆಟ್ಟಿಗೆಯಕ್ಕ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗುತ್ತಾರೆ. ಮೊದಲ ವಿಮಾನದಿಂದ ನೀಲಿ ಪೆಟ್ಟಿಗೆ ಹಿಡಿದು ಬಂದವರು ಯಾರು? ಟೋಪಿ ಹಾಕಿದ್ದ ವಯಸ್ಸಾದವರೊಬ್ಬರು ಉತ್ತರದ ಕಡೆಯ ಬಸ್ಸು ಹತ್ತಿದರಂತೆ. ಆ ಬಸ್ಸು ಹನ್ನೊಂದು ಹೋಟೆಲಿನೆದುರು ನಿಲ್ಲುತ್ತದೆ. ಕೌಂಟರಿಗೆ ಮರಳಿ ಒಂದೊಂದಕ್ಕೂ ಫೋನ್ ಹಚ್ಚುತ್ತಾರೆ. ಚೀಟಿಯಲ್ಲಿನ ಹೆಸರು ಹೇಳುವುದು, ಇಲ್ಲ ಅನ್ನಿಸಿಕೊಳ್ಳುವುದು. ಲಾರಿಯಣ್ಣ ತಲೆ ತಗ್ಗಿಸಿ ನಿಂತಿದ್ದಾರೆ. "ಹೋಗ್ಲಿ ಬಿಡಿ, ದಡದಲ್ಲಿ ಕೂತು ನೋಡಿದ್ರಾಯ್ತು" ಎಂದಾಗ ಹೆಂಡತಿ ಮುಖ ಆಚೆ ತಿರುಗಿಸುತ್ತಾರೆ.

ಎಂಟನೆಯ ಹೋಟೆಲಿನ ಹುಡುಗಿ ಹೆಸರು ಕೇಳುವ ಮೊದಲೇ ಪಿಸುಗುಟ್ಟುತ್ತಾಳೆ: "ಅಕ್ಕಾ, ಇಲ್ಲೊಬ್ಬರು ನಡುಗ್ತಾ ಕೆಳಗೆ ಬಂದಿದ್ದಾರೆ. ಪೆಟ್ಟಿಗೇಲಿ ಯಾರದ್ದೋ ಕಾಲಿದೆ ಅಂತಾರೆ. ಪೊಲೀಸರಿಗೆ ಹೇಳ್ಲಾ?"

"ಬೇಡಮ್ಮ. ಕಾಲಿನ ಯಜಮಾನರು ಇಲ್ಲೇ ಇದ್ದಾರೆ, ಚೆನ್ನಾಗೇ ಇದ್ದಾರೆ."

ಕೌಂಟರಿನೆದುರು ನಿಂತವರೆಲ್ಲ ನಗುತ್ತಾರೆ. ಆದರೆ ಗಂಟೆ ಒಂಬತ್ತು. ಆ ಹೋಟೆಲಿನಿಂದ ಇಲ್ಲಿಗೆ ಒಂದು ಗಂಟೆ, ಇಲ್ಲಿಂದ ದೋಣಿ ಹೊರಡುವ ಜೆಟ್ಟಿಗೆ ಮತ್ತೆ ಅರ್ಧ ಗಂಟೆ. ಪೆಟ್ಟಿಗೆ ಇಲ್ಲಿಗೆ ಬರಲು ಕಾದರೆ ದೋಣಿ ಹೋಗಿರುತ್ತದೆ. ಹೋಟೆಲಿನ ಕಾರಿನಲ್ಲಿ ಅವರನ್ನೂ ಪೆಟ್ಟಿಗೆಯನ್ನೂ ನೇರ ಜೆಟ್ಟಿಗೇ ಕಳಿಸಲು ಅಕ್ಕ ಹುಡುಗಿಗೆ ಹೇಳುತ್ತಾರೆ. ಪೆಟ್ಟಿಗೆ ಬದಲಾವಣೆಯ ಸಹಿ ಕೌಂಟರಿನಲ್ಲೇ ಆಗಬೇಕು, ರಿಜಿಸ್ಟರ್ ಹೊರಗೆ ಹೋಗಕೂಡದು ಎಂಬುದು ನಿಯಮ. ಇಂಥದ್ದೇ ಕಾರಣಕ್ಕೆ ಎರಡು ವರ್ಷದ ಹಿಂದೆ ಇವರಿಗೆ ಮೆಮೊ ಸಿಕ್ಕಿದೆ. ಪೆಟ್ಟಿಗೆಯಕ್ಕ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಧಿಕಾರಿಯ ಬಾಗಿಲಲ್ಲಿ ನಿಲ್ಲುತ್ತಾರೆ. "ಸರ್, ಇದನ್ನ ಜೆಟ್ಟಿಗೆ ತಗೊಂಡು ಹೋಗ್ತಿದ್ದೀನಿ."

ಅವರು ಕಂಪ್ಯೂಟರಿನಿಂದ ತಲೆ ಎತ್ತುವುದಿಲ್ಲ. "ನನಗೆ ಬೆಳಗ್ಗೆಯಿಂದ ಕಿವಿ ಮಂದ. ಬೇಗ ಬಾ."

ಊಟದ ಡಬ್ಬಿ ಸಾಗಿಸುವ ವ್ಯಾನಿನಲ್ಲಿ ನೀಲಿ ಪೆಟ್ಟಿಗೆ, ದಂಪತಿ, ಅಕ್ಕ, ಹಿಂದುಗಡೆ ಅಕ್ಕನ ಬಗ್ಗೆ ಬರೆಯಲು ಬಂದ ನಾನು. ಜೆಟ್ಟಿ ಮುಟ್ಟಿದಾಗ ಒಂಬತ್ತೂಮುಕ್ಕಾಲು. ಹೋಟೆಲಿನ ಕಾರು ಬಂದಿಲ್ಲ. ದೋಣಿಯವರು ಒಂದು ಸಲ ಹಾರ್ನ್ ಹೊಡೆಯುತ್ತಾರೆ. ಪೆಟ್ಟಿಗೆಯಕ್ಕ ಹೋಗಿ ಅವರೊಂದಿಗೆ ಏನೋ ಮಾತಾಡಿ ಬರುತ್ತಾರೆ. ಎರಡನೆಯ ಹಾರ್ನ್ ಕೇಳಿಸುವುದಿಲ್ಲ.

ಹತ್ತಕ್ಕೆ ಎರಡು ನಿಮಿಷವಿರುವಾಗ ಕಾರು ಬಂದು ನಿಲ್ಲುತ್ತದೆ. ಟೋಪಿಯವರು ನಿವೃತ್ತ ಮೇಷ್ಟ್ರು. ಮಗುವನ್ನು ಎತ್ತಿಕೊಂಡಂತೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದಿದ್ದಾರೆ. "ಕ್ಷಮಿಸಿಪ್ಪಾ. ಜೀವನಪೂರ್ತಿ ಮಕ್ಕಳಿಗೆ ಎರಡೆರಡು ಸಲ ನೋಡಿ ಬರೀರಿ ಅಂದವನು ನಾನು." ಲಾರಿಯಣ್ಣ ಅವರ ಭುಜ ತಟ್ಟುತ್ತಾರೆ. ಅಕ್ಕ ಹಿಡಿದ ರಿಜಿಸ್ಟರಿಗೆ ಇಬ್ಬರೂ ಸಹಿ ಹಾಕುತ್ತಾರೆ, ಇನ್ನೊಂದು ನೀಲಿ ಪೆಟ್ಟಿಗೆ ಮೇಷ್ಟ್ರ ಕೈ ಸೇರುತ್ತದೆ. ಹೆಂಡತಿ ಪೆಟ್ಟಿಗೆ ತೆರೆದು ಕಾಲನ್ನು ಮುಟ್ಟಿ ನೋಡಿ, ಹೋದ ಜೀವ ಬಂದವರ ಹಾಗೆ ಅಲ್ಲೇ ನೆಲದ ಮೇಲೆ ಕೂರುತ್ತಾರೆ. ಕಣ್ಣೀರು ಬರುತ್ತಿದೆ, ಒರೆಸಿಕೊಳ್ಳುವ ಗೊಡವೆಗೂ ಹೋಗುವುದಿಲ್ಲ.

ಲಾರಿಯಣ್ಣನಿಗೆ ತಡೆಯಲಾಗುವುದಿಲ್ಲ. ಅಲ್ಲೇ ಕೂತು ಕಾಲು ಬದಲಿಸುತ್ತಾರೆ. ಹೆಂಡತಿಯ ಹೆಗಲು ಹಿಡಿದು ಜೆಟ್ಟಿಯ ಮೆಟ್ಟಿಲು ಒಂದು, ಎರಡು, ಮೂರು ಇಳಿಯುತ್ತಾರೆ. ನೀರು ಮೊಣಕಾಲಿಗೆ ಬರುತ್ತದೆ.

"ಬೆಚ್ಚಗಿದೆ ಕಣೇ."

"ಯಾವ ಕಾಲಿಗೆ ಗೊತ್ತಾಯ್ತು?"

"ಎರಡಕ್ಕೂ" ಎನ್ನುತ್ತಾರೆ ಅವರು.

ದೋಣಿ ಹತ್ತೂ ಹತ್ತಕ್ಕೆ ಹೊರಡುತ್ತದೆ. ಪೆಟ್ಟಿಗೆಯಕ್ಕ ಕೈ ಬೀಸಲು ನಿಲ್ಲುವುದಿಲ್ಲ; ಮೂರನೆಯ ವಿಮಾನ ಇಳಿಯುವ ಹೊತ್ತು. ಮೆಮೊ ಬಂದರೆ ಎಂದು ವ್ಯಾನಿನಲ್ಲಿ ಕೇಳುತ್ತೇನೆ. "ಬಂದ್ರೆ ಬರ್ಲಿ. ಹಿಂದಿನದಕ್ಕೆ ಜೊತೆಯಾಗುತ್ತೆ" ಎಂದು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಾರೆ.

ಇಷ್ಟು ವರ್ಷದ ದುಡಿಮೆಗೆ ಏನಾದರೂ ಕೇಳುವುದಿದ್ದರೆ ಏನು ಕೇಳುತ್ತೀರಿ ಎಂದರೆ ಅವರು ಯೋಚಿಸಲು ಬಹಳ ಹೊತ್ತು ತೆಗೆದುಕೊಳ್ಳುವುದಿಲ್ಲ.

"ಕೌಂಟರಿನ ಮುಂದೆ ಎರಡು ಕುರ್ಚಿ. ನನಗಲ್ಲ, ಬರೋರಿಗೆ. ನಿಂತವರಿಗೆ ಸಿಟ್ಟು ಬರುತ್ತೆ, ಕೂತವರಿಗೆ ನೆನಪು ಬರುತ್ತೆ. ಪೆಟ್ಟಿಗೇಲಿ ಏನಿತ್ತು ಅಂತ ನೆನಪು ಮಾಡ್ಕೊಂಡು ಹೇಳ್ಲಿ ಸಾಕು, ಉಳಿದದ್ದು ನಾನು ನೋಡ್ಕೋತೀನಿ."